ಗಾಡಿ ಹೊಡೆಯುವವನು ಒಬ್ಬ, ಅವನ ಕಿವಿಯಲ್ಲಿ ಯಾರು? ಕಾರ್ ರೇಸಿಂಗ್ ಎಂಬ ಕೂಡು ಕೆಲಸ

2025ರ ಡಿಸೆಂಬರ್ 7, ಭಾನುವಾರ ಸಂಜೆ. ಬೆಳಗಾವಿಯ ನಮ್ಮ ಮನೆಯ ಟಿವಿ ಅಣ್ಣನ ಮಗನ ವಶದಲ್ಲಿತ್ತು. ಅಬುಧಾಬಿಯಲ್ಲಿ ಫಾರ್ಮುಲಾ ಒನ್ ವರ್ಷದ ಕೊನೆಯ ರೇಸ್. ಗೋಕಾಕ ತಾಲ್ಲೂಕಿನ ಊರಿಂದ ಕಾಕಾ ಬಂದಿದ್ದರು. ಮೂವತ್ತು ವರ್ಷ ಲಾರಿ ಓಡಿಸಿದವರು. ಮಹಾಲಿಂಗಪುರದ ಬೆಲ್ಲ ಹೇರಿಕೊಂಡು ಚೋರ್ಲಾ ಘಾಟ್ ಇಳಿದು ಎಷ್ಟು ಸಲ ಗೋವಾಕ್ಕೆ ಹೋಗಿದ್ದಾರೋ ಅವರಿಗೇ ಲೆಕ್ಕವಿಲ್ಲ. ಚಹಾ ಕುಡಿಯುತ್ತ ಸ್ವಲ್ಪ ಹೊತ್ತು ಸುಮ್ಮನೆ ನೋಡಿ ಕೇಳಿದರು:

"ಗಾಡಿ ಹೊಡ್ಯಾಂವ ಒಬ್ಬ. ಈ ಮಂದಿ ಎಲ್ಲಾ ಕಿವ್ಯಾಗ ಏನೋ ಹಾಕ್ಕೊಂಡು ಸಾಲಾಗಿ ಕುಂತಾರಲ್ಲ, ಇವ್ರೇನ್ ಮಾಡ್ತಾರ?"

ಆ ಸಂಜೆ ಲ್ಯಾಂಡೊ ನಾರಿಸ್ ಮೂರನೆಯವರಾಗಿ ಗುರಿ ಮುಟ್ಟಿ ವಿಶ್ವ ಚಾಂಪಿಯನ್ ಆದರು. ವರ್ಷವಿಡೀ ಕೂಡಿಟ್ಟ ಅಂಕ ನಾರಿಸ್‌ಗೆ 423, ಮ್ಯಾಕ್ಸ್ ವರ್ಸ್ಟಾಪನ್‌ಗೆ 421. 24 ಊರು ತಿರುಗಿ ಓಡಿದ ಮೇಲೆ ಉಳಿದ ಅಂತರ ಎರಡು ಅಂಕ. ಆ ಎರಡು ಅಂಕದ ಹಿಂದೆ ಸೆಪ್ಟೆಂಬರಿನಲ್ಲಿ ಇಟಲಿಯಲ್ಲಿ ರೇಡಿಯೊ ಮೇಲೆ ನಡೆದ ಒಂದು ಮಾತುಕತೆ ಇದೆ. ಅಲ್ಲಿಗೆ ಹೋಗಬೇಕಾದರೆ ಮೊದಲು ಕಾಕಾ ಕೇಳಿದ್ದಕ್ಕೆ ಉತ್ತರ ಸಿಗಬೇಕು. ನಮ್ಮ ಕಡೆಯ ಹುಡುಗರು ಮೊಬೈಲಿನಲ್ಲಿ ಈ ರೇಸ್ ನೋಡುತ್ತಾರೆ, ಎಂಜಿನಿಯರಿಂಗ್ ಕಾಲೇಜಿನವರು ರೇಸ್ ಕಾರು ಕಟ್ಟುವುದಕ್ಕೂ ಇಳಿದಿದ್ದಾರೆ. ಮನೆಯ ಹಿರಿಯರಿಗೆ ಮಾತ್ರ ಅದು ಒಂದೇ ಕಡೆ ಸುತ್ತು ಹೊಡೆಯುವ ಗದ್ದಲ. ಇದು ಅವರಿಗಾಗಿ ಬರೆದದ್ದು.

ಆಟದ ಲೆಕ್ಕ

ಫಾರ್ಮುಲಾ ಒನ್‌ನಲ್ಲಿ ಒಂದೊಂದು ತಂಡಕ್ಕೆ ಎರಡು ಕಾರು, ಇಬ್ಬರು ಚಾಲಕರು. 2025ರವರೆಗೆ ಹತ್ತು ತಂಡ, ಇಪ್ಪತ್ತು ಕಾರು ಇದ್ದವು. 2026ಕ್ಕೆ ಕ್ಯಾಡಿಲಾಕ್ ಸೇರಿ ಹನ್ನೊಂದು ತಂಡ, ಇಪ್ಪತ್ತೆರಡು ಕಾರು. ರೇಸ್ ಗೆದ್ದವರಿಗೆ 25 ಅಂಕ, ಎರಡನೆಯವರಿಗೆ 18, ಮೂರನೆಯವರಿಗೆ 15, ಹೀಗೆ ಇಳಿಯುತ್ತ ಹತ್ತನೆಯವರಿಗೆ 1.

ವರ್ಷದ ಕೊನೆಗೆ ಎರಡು ಪಟ್ಟ. ಒಂದು ಅತಿ ಹೆಚ್ಚು ಅಂಕ ಕೂಡಿಟ್ಟ ಚಾಲಕನಿಗೆ, ಇನ್ನೊಂದು ಇಬ್ಬರು ಚಾಲಕರ ಅಂಕ ಕೂಡಿಸಿ ಮುಂದೆ ಬಂದ ತಂಡಕ್ಕೆ. ಇಲ್ಲಿಯೇ ಒಂದು ಗಂಟು ಬೀಳುತ್ತದೆ. ತಂಡಕ್ಕೆ ಇಬ್ಬರೂ ಚೆನ್ನಾಗಿ ಓಡಬೇಕು, ಚಾಲಕನಿಗೆ ಪಕ್ಕದ ಕಾರಿನವನನ್ನು ಸೋಲಿಸಬೇಕು. ಒಂದೇ ಬಣ್ಣದ ಅಂಗಿ ತೊಟ್ಟು, ಒಂದೇ ಕಡೆ ಊಟ ಮಾಡಿ, ಒಂದೇ ಎಂಜಿನ್ ಹಾಕಿಕೊಂಡು ಓಡುವ ಇಬ್ಬರು ಒಬ್ಬರಿಗೊಬ್ಬರು ಮೊದಲ ಎದುರಾಳಿ. ಬೇರೆ ತಂಡದವನಿಗೆ ಸೋತರೆ ಕಾರು ಸರಿ ಇರಲಿಲ್ಲ ಅನ್ನಬಹುದು. ಪಕ್ಕದವನಿಗೆ ಸೋತರೆ ಆ ನೆಪವೂ ಇಲ್ಲ.

ಇದನ್ನು ತಲೆಯಲ್ಲಿಟ್ಟುಕೊಂಡು ಈಗ ಕಾರಿನೊಳಗೆ ಕೂರೋಣ.

ಬಡಿಯುವ ಕೈ ಮತ್ತು ಕೇಳುವ ಕಿವಿ

ಫಾರ್ಮುಲಾ ಒನ್ ಚಾಲಕ ಕೂರುವುದು ನೆಲಕ್ಕೆ ಅಂಟಿದಂತೆ, ಹೆಚ್ಚುಕಡಿಮೆ ಮಲಗಿದ ಭಂಗಿಯಲ್ಲಿ. ಎರಡೂ ಕಡೆ ಚಕ್ರಗಳು, ಬದಿಗೆ ಅಂಗೈಯಷ್ಟು ಕನ್ನಡಿ. ನೇರ ದಾರಿಯಲ್ಲಿ ವೇಗ ಗಂಟೆಗೆ 300 ಕಿಲೋಮೀಟರ್ ದಾಟುತ್ತದೆ. ಹಿಂದಿನವನು ಎಷ್ಟು ಸೆಕೆಂಡು ದೂರದಲ್ಲಿದ್ದಾನೆ, ಮುಂದಿನವನ ಟೈರು ಎಷ್ಟು ಸವೆದಿದೆ, ಮುಂದಿನ ತಿರುವಿನಾಚೆ ಯಾರಾದರೂ ಗೋಡೆಗೆ ಹೊಡೆದು ನಿಂತಿದ್ದಾರೆಯೇ, ಯಾವುದೂ ಅವನಿಗೆ ಕಾಣುವುದಿಲ್ಲ. ಅದೆಲ್ಲ ಕಿವಿಯಿಂದ ಬರಬೇಕು.

ಕಾಕಾಗೆ ನಾನು ಲಾರಿ ಕ್ಲೀನರನ ಉದಾಹರಣೆ ಕೊಟ್ಟೆ. ತುಂಬಿದ ಲಾರಿಯನ್ನು ಇಕ್ಕಟ್ಟಾದ ಬೆಲ್ಲದ ಪೇಟೆಯಲ್ಲಿ ಹಿಂದಕ್ಕೆ ತೆಗೆಯುವಾಗ ಡ್ರೈವರಿಗೆ ಹಿಂದೇನೂ ಕಾಣುವುದಿಲ್ಲ. ಕ್ಲೀನರ್ ಇಳಿದು ಬಾಡಿಯನ್ನು ಬಡಿಯುತ್ತಾನೆ. ಎರಡು ಬಡಿತ ಅಂದರೆ ಬರಲಿ, ಒಂದೇ ಬಡಿತ ಅಂದರೆ ನಿಲ್ಲು. ಡ್ರೈವರ್ ತಿರುಗಿ "ಖರೇನ ಜಾಗಾ ಐತೇನೋ?" ಅಂತ ಕೇಳುತ್ತ ಕೂತರೆ ಲಾರಿ ಸಂಜೆಯಾದರೂ ಹಿಂದೆ ಹೋಗುವುದಿಲ್ಲ. ಕೇಳದೆ ನಂಬಬೇಕು. ಕಾಕಾ ತಕ್ಷಣ ತಿದ್ದಿದರು: "ಹೊಸಾ ಕ್ಲೀನರ್ ಬಂದ್ರ ನಾ ಮೊದಲ ತಿಂಗಳು ಇಳದು ನೋಡಿನ ಹಿಂದ ತಗೀತಿದ್ಯಾ." ಅವರು ಹೇಳಿದ್ದು ಇಡೀ ವಿಷಯದ ತಿರುಳು. ಮೊದಲ ತಿಂಗಳಲ್ಲಿ ಇಳಿದು ನೋಡುವ ಆ ಹೊತ್ತು ಇದೆಯಲ್ಲ, ರೇಸಿನಲ್ಲಿ ಅದನ್ನು ಸೆಕೆಂಡಿನ ನೂರನೇ ಪಾಲಿನಲ್ಲಿ ಅಳೆಯುತ್ತಾರೆ.

ರೇಸಿನಲ್ಲಿ ಕ್ಲೀನರನ ಜಾಗದಲ್ಲಿರುವವನು ರೇಸ್ ಎಂಜಿನಿಯರ್. ಟಿವಿಯಲ್ಲಿ ಕಂಪ್ಯೂಟರ್ ಪರದೆಗಳ ಮುಂದೆ ಸಾಲಾಗಿ ಕೂತವರಲ್ಲಿ ಅವನೊಬ್ಬ. ಟೈರಿನ ಲೆಕ್ಕದವರು, ಯಾವಾಗ ನಿಲ್ಲಬೇಕೆಂದು ಲೆಕ್ಕ ಹಾಕುವವರು, ಎಂಜಿನ್ ನೋಡಿಕೊಳ್ಳುವವರು ಎಲ್ಲರೂ ಒಳಗಿನ ಸಾಲಿನಲ್ಲಿ ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಾರೆ. ಚಾಲಕನ ಕಿವಿಗೆ ಸಾಮಾನ್ಯವಾಗಿ ಹೋಗುವುದು ಇವನೊಬ್ಬನ ದನಿ. ಹತ್ತು ಬಾಯಿಂದ ಹತ್ತು ಮಾತು ಬಂದರೆ ತಿರುವಿನಲ್ಲಿ ಕಾರು ಗೋಡೆಗೆ ಹೋಗುತ್ತದೆ.

ದಾರಿ ಎರಡೂ ಕಡೆಗಿದೆ. ಚಾಲಕನೂ ಹೇಳಬೇಕು. ಕಾರಿನಲ್ಲಿ ನೂರಾರು ಸೆನ್ಸರ್‌ಗಳಿದ್ದು ಉಷ್ಣತೆ, ಒತ್ತಡ, ವೇಗ ಎಲ್ಲವನ್ನೂ ಕಳಿಸುತ್ತಿರುತ್ತವೆ. ಆದರೂ "ತಿರುವಿನ ನಡುವೆ ಮೂತಿ ಮಾತು ಕೇಳುತ್ತಿಲ್ಲ", "ಗ್ಯಾಸ್ ಕೊಟ್ಟೊಡನೆ ಹಿಂಭಾಗ ಜಾರುತ್ತಿದೆ" ಅನ್ನುವುದನ್ನು ಬೆನ್ನು ಮತ್ತು ಅಂಗೈಯಿಂದ ತಿಳಿದು ಹೇಳುವವನು ಚಾಲಕನೇ. ಮೊದಲನೆಯದನ್ನು ಅಂಡರ್‌ಸ್ಟಿಯರ್, ಎರಡನೆಯದನ್ನು ಓವರ್‌ಸ್ಟಿಯರ್ ಅನ್ನುತ್ತಾರೆ. ಎಂಜಿನಿಯರ್ ಇದನ್ನು ಸ್ಪ್ರಿಂಗಿನ ಬಿಗುವು, ಗಾಳಿಯಿಂದ ಕಾರನ್ನು ನೆಲಕ್ಕೆ ಒತ್ತುವ ರೆಕ್ಕೆಯ ಕೋನ, ಟೈರಿನ ಗಾಳಿಯ ಲೆಕ್ಕಕ್ಕೆ ಇಳಿಸಬೇಕು. ವೈದ್ಯರ ಮುಂದೆ ಕೂತು "ಒಂಥರಾ ಆಗತೈತ್ರಿ" ಅನ್ನುವ ರೋಗಿ ನೆನಪಾಗುತ್ತಾನೆ. ಹತ್ತು ವರ್ಷದಿಂದ ನೋಡುತ್ತಿರುವ ವೈದ್ಯರಿಗೆ ಆ 'ಒಂಥರಾ' ಯಾವ ಥರ ಅಂತ ಗೊತ್ತಿರುತ್ತದೆ.

ಚಾಲಕ ಲೂಯಿಸ್ ಹ್ಯಾಮಿಲ್ಟನ್ ಮತ್ತು ಅವರ ಎಂಜಿನಿಯರ್ ಪೀಟರ್ ಬಾನಿಂಗ್ಟನ್ ಅಂಥ ಜೋಡಿ. ಮರ್ಸಿಡಿಸ್‌ನಲ್ಲಿ 2013ರಿಂದ 2024ರವರೆಗೆ ಹನ್ನೆರಡು ವರ್ಷ ಜೊತೆಗಿದ್ದರು. ಹ್ಯಾಮಿಲ್ಟನ್ ಗೆದ್ದ ಏಳು ಪಟ್ಟದಲ್ಲಿ ಆರು ಆ ಕಾಲದವು. 2025ರಲ್ಲಿ ಹ್ಯಾಮಿಲ್ಟನ್ ಫೆರಾರಿಗೆ ಹೋದರು, ಬಾನಿಂಗ್ಟನ್ ಹಳೆಯ ತಂಡದಲ್ಲೇ ಉಳಿದರು. ಹೊಸ ತಂಡದ ಎಂಜಿನಿಯರ್ ಜೊತೆ ರೇಡಿಯೊದಲ್ಲಿ ಮಾತು ತಪ್ಪಿ ಹೋಗುವುದು, ಬೇಕಾದಾಗ ಸುದ್ದಿ ಬಾರದೆ ಬೇಡವಾದಾಗ ಬರುವುದು ಪ್ರಪಂಚಕ್ಕೆಲ್ಲ ಕೇಳಿಸಿತು. ಆ ವರ್ಷ ಮುಖ್ಯ ರೇಸುಗಳಲ್ಲಿ ಒಮ್ಮೆಯೂ ಅವರು ಮೊದಲ ಮೂರರಲ್ಲಿ ಬರಲಿಲ್ಲ. ಕಾರು ಕೂಡ ಅಷ್ಟು ವೇಗದ್ದಾಗಿರಲಿಲ್ಲ, ಎಲ್ಲವನ್ನೂ ಮಾತಿನ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ಏಳು ಸಲ ಚಾಂಪಿಯನ್ ಆದವರೂ ಹೊಸ ಕ್ಲೀನರ್ ಬಂದಾಗ ಇಳಿದು ನೋಡುತ್ತಾರೆ.

ಒಳ್ಳೆಯ ಸಂಬಂಧ ಅಂದರೆ ಮೆತ್ತಗೆ ಮಾತಾಡುವುದು ಅಂತ ತಿಳಿದವರು ವರ್ಸ್ಟಾಪನ್ ಮತ್ತು ಅವರ ಎಂಜಿನಿಯರ್ ಜಿಯಾನ್‌ಪಿಯೆರೊ ಲ್ಯಾಂಬಿಯಾಸೆ ಅವರ ರೇಡಿಯೊ ಕೇಳಬೇಕು. ಇವರು ಬೈದರೆ ಅವರು ತಿರುಗಿ ಗದರುತ್ತಾರೆ, ನಡುರೇಸಿನಲ್ಲೇ ವಾದ ನಡೆಯುತ್ತದೆ. ಆದರೆ ಆ ವಾದದಿಂದ ಕೆಲಸ ನಿಲ್ಲುವುದಿಲ್ಲ, ಮರುದಿನಕ್ಕೆ ಮುನಿಸು ಉಳಿಯುವುದಿಲ್ಲ. 2016ರಲ್ಲಿ ಸ್ಪೇನಿನಲ್ಲಿ ಜೊತೆಯಾಗಿ ಓಡಿದ ಮೊದಲ ರೇಸನ್ನೇ ಗೆದ್ದ ಜೋಡಿ ಅದು.

ಹತ್ತೊಂಬತ್ತು ಸುತ್ತು, ಇಪ್ಪತ್ತೈದು ಸೆಕೆಂಡು

ನಂಬಿಕೆ ಹೇಗೆ ವೇಗವಾಗುತ್ತದೆ ಅನ್ನುವುದಕ್ಕೆ 1998ರ ಹಂಗೆರಿ ರೇಸ್ ಇದೆ. ಫೆರಾರಿಯ ಮೈಕೆಲ್ ಶುಮಾಕರ್ ಎರಡು ಮ್ಯಾಕ್ಲಾರನ್ ಕಾರುಗಳ ಹಿಂದೆ ಸಿಕ್ಕಿಕೊಂಡಿದ್ದರು. ಆ ಟ್ರ್ಯಾಕಿನಲ್ಲಿ ಮುಂದಿನವನನ್ನು ದಾಟುವುದು ಕಷ್ಟ. ತಂಡದ ತಾಂತ್ರಿಕ ಮುಖ್ಯಸ್ಥ ರಾಸ್ ಬ್ರಾನ್ ಎಲ್ಲರೂ ಎರಡು ಸಲ ನಿಲ್ಲುವ ರೇಸಿನಲ್ಲಿ ತಮ್ಮ ಕಾರನ್ನು ಮೂರು ಸಲ ನಿಲ್ಲಿಸಲು ತೀರ್ಮಾನಿಸಿದರು. ಆಗ ರೇಸಿನ ನಡುವೆ ಪೆಟ್ರೋಲು ತುಂಬಿಸುವ ಪದ್ಧತಿ ಇತ್ತು (2010ರಿಂದ ಅದು ನಿಂತಿದೆ). ಹೆಚ್ಚು ಸಲ ನಿಂತರೆ ಪ್ರತಿ ಸಲ ಕಡಿಮೆ ಪೆಟ್ರೋಲು ಸಾಕು, ಕಾರು ಹಗುರ, ಟೈರು ಹೊಸದು. ಆದರೆ ನಿಂತಾಗ ಕಳೆದ ಹೊತ್ತನ್ನು ಓಡಿ ತುಂಬಿಸಿಕೊಳ್ಳಬೇಕು. ಬ್ರಾನ್ ರೇಡಿಯೊದಲ್ಲಿ ಹೇಳಿದ್ದಿಷ್ಟು: ನಿನಗೆ ಹತ್ತೊಂಬತ್ತು ಸುತ್ತು ಇದೆ, ಇಪ್ಪತ್ತೈದು ಸೆಕೆಂಡು ಗಳಿಸಬೇಕು.

ಶುಮಾಕರ್ ಯಾಕೆ ಅಂತ ಕೇಳಲಿಲ್ಲ. ಸುತ್ತಿಗೆ ಸರಾಸರಿ ಒಂದು ಸೆಕೆಂಡಿಗಿಂತ ಹೆಚ್ಚು ಗಳಿಸುತ್ತ ಹೋಗಿ ರೇಸ್ ಗೆದ್ದರು. ಲೆಕ್ಕ ಹಾಕಿದವನಿಗೆ ಇವನು ಇಷ್ಟು ಓಡಬಲ್ಲ ಅನ್ನುವ ಅಂದಾಜು, ಓಡಿದವನಿಗೆ ಅವನ ಲೆಕ್ಕ ತಪ್ಪುವುದಿಲ್ಲ ಅನ್ನುವ ಅಂದಾಜು. ಈ ಜೋಡಿ ಇದ್ದ ಫೆರಾರಿ 1979ರಿಂದ ಚಾಲಕರ ಪಟ್ಟವಿಲ್ಲದೆ ಕಾದು 2000ದಿಂದ 2004ರವರೆಗೆ ಐದು ವರ್ಷ ಸತತವಾಗಿ ಗೆದ್ದಿತು.

ಯರಗಟ್ಟಿ ದಾರಿಯ ಪಂಕ್ಚರ್ ಅಂಗಡಿ

ಬೆಳಗಾವಿಯಿಂದ ಯರಗಟ್ಟಿ, ಲೋಕಾಪುರ ಮೇಲೆ ಬಾಗಲಕೋಟೆಗೆ ಹೋಗುವ ದಾರಿಯಲ್ಲಿ ಹೋದ ಬೇಸಿಗೆ ನಮ್ಮ ಕಾರಿನ ಟೈರು ಕೂತಿತು. ಪಂಕ್ಚರ್ ಅಂಗಡಿಯ ಹುಡುಗ ಜ್ಯಾಕ್ ಹಾಕಿ, ಪಾನಾದ ಮೇಲೆ ಕಾಲಿಟ್ಟು ನಟ್ಟು ಸಡಿಲಿಸಿ, ಸ್ಟೆಪ್ನಿ ಕೂಡಿಸಿ, "ಆತು ನಡೀರಿ ಸರ್" ಅನ್ನುವಷ್ಟರಲ್ಲಿ ಹನ್ನೊಂದು ನಿಮಿಷ. ಕೈ ಚುರುಕಿನ ಹುಡುಗನೇ. ಒಂದು ಟೈರು, ಒಬ್ಬ ಮನುಷ್ಯ.

ಫಾರ್ಮುಲಾ ಒನ್‌ನಲ್ಲಿ ನಾಲ್ಕೂ ಟೈರು ಬದಲಾಗುವುದು ಎರಡೂವರೆ ಸೆಕೆಂಡಿನ ಆಸುಪಾಸಿನಲ್ಲಿ. 2023ರಲ್ಲಿ ಕತಾರಿನಲ್ಲಿ ಮ್ಯಾಕ್ಲಾರನ್ ತಂಡ 1.80 ಸೆಕೆಂಡಿನಲ್ಲಿ ಮುಗಿಸಿತ್ತು. ಅಲ್ಲಿ ಚಕ್ರಕ್ಕೆ ಒಂದೇ ನಟ್ಟು. ಒಂದೊಂದು ಚಕ್ರಕ್ಕೆ ಮೂವರು: ಗನ್ ಹಿಡಿದು ನಟ್ಟು ಬಿಚ್ಚಿ ಬಿಗಿಯುವವನು, ಹಳೆಯದನ್ನು ಎಳೆಯುವವನು, ಹೊಸದನ್ನು ಕೂಡಿಸುವವನು. ಅಲ್ಲಿಗೆ ಹನ್ನೆರಡು ಮಂದಿಯಾಯಿತು. ಮುಂದೆ ಒಂದು ಜ್ಯಾಕ್, ಹಿಂದೆ ಒಂದು, ಕಾರು ಅಲುಗದಂತೆ ಹಿಡಿಯುವವರು ಇಬ್ಬರು, ಮುಂದಿನ ರೆಕ್ಕೆ ಸರಿಪಡಿಸುವವರು, ಬೆಂಕಿ ಆರಿಸಲು ನಿಂತವರು. ಒಟ್ಟು ಇಪ್ಪತ್ತರ ಮೇಲೆ. ಇವರಲ್ಲಿ ಹೆಚ್ಚಿನವರಿಗೆ ಇದೇ ಕೆಲಸವಲ್ಲ, ಉಳಿದ ದಿನ ಇದೇ ತಂಡದ ಮೆಕ್ಯಾನಿಕ್‌ಗಳು. ಇದನ್ನು ಮತ್ತೆಮತ್ತೆ ಅಭ್ಯಾಸ ಮಾಡುತ್ತಾರೆ.

ಟಿವಿಯಲ್ಲಿ ನೋಡುವಾಗ ಗಮನಿಸಿ: ಯಾರೂ ಕೂಗುವುದಿಲ್ಲ. ಎಳೆಯುವವನ ಕೈ ಹೊರಟ ಜಾಗಕ್ಕೆ ಕೂಡಿಸುವವನ ಕೈ ಆಗಲೇ ಬರುತ್ತಿರುತ್ತದೆ. ಅವನು ಎಳೆದನೋ ಇಲ್ಲವೋ ಅಂತ ನೋಡಿ ಕೈ ಹಾಕಿದರೆ ತಡವಾಯಿತು.

ಆದರೆ ನನ್ನ ಕಣ್ಣು ಹೋಗುವುದು ಗನ್ ಹಿಡಿದವನ ಮೇಲೆ. ನಟ್ಟು ಬಿಗಿಯಾಯಿತು ಅಂತ ಸೂಚನೆ ಕೊಡುವವನು ಅವನು. ನಾಲ್ಕೂ ಕಡೆಯ ಸೂಚನೆ ಬಂದ ಮೇಲೆ ಚಾಲಕನಿಗೆ ಹಸಿರು ದೀಪ. ನಟ್ಟು ವಾರೆಯಾಗಿ ಕೂತಿದ್ದರೆ ಆ ಕ್ಷಣದಲ್ಲೇ "ನನ್ನದು ಆಗಿಲ್ಲ" ಅಂತ ಅವನು ತೋರಿಸಬೇಕು, ಪ್ರಪಂಚವೆಲ್ಲ ನೋಡುತ್ತಿರುವಾಗ. 2018ರ ಆಸ್ಟ್ರೇಲಿಯ ರೇಸಿನಲ್ಲಿ ಹಾಸ್ ಎಂಬ ಸಣ್ಣ ತಂಡದ ಎರಡು ಕಾರು ನಾಲ್ಕು ಮತ್ತು ಐದನೇ ಸ್ಥಾನದಲ್ಲಿದ್ದವು. ಟೈರು ಬದಲಿಸಿಕೊಂಡು ಹೊರಟ ಸ್ವಲ್ಪ ಹೊತ್ತಿನಲ್ಲೇ ಎರಡೂ ಒಂದರ ಹಿಂದೊಂದು ದಾರಿಬದಿ ನಿಂತವು, ಎರಡಕ್ಕೂ ಒಂದೊಂದು ಚಕ್ರ ಸರಿಯಾಗಿ ಕೂತಿರಲಿಲ್ಲ. ಚಾಲಕ ರೊಮೇನ್ ಗ್ರೋಜಾನ್ ಹಿಂದಿರುಗಿ ಬಂದು ಕುಗ್ಗಿ ಕೂತ ಮೆಕ್ಯಾನಿಕನನ್ನು ಸಮಾಧಾನ ಮಾಡಿದ್ದು ಎಲ್ಲರೂ ನೋಡಿದರು. ಅದೇ ವರ್ಷ ಬಹರೇನಿನಲ್ಲಿ ಹಿಂದಿನ ಒಂದು ಚಕ್ರ ಬದಲಾಗುವ ಮೊದಲೇ ಫೆರಾರಿ ಕಾರಿಗೆ ಹಸಿರು ದೀಪ ಬಿದ್ದು, ಹೊರಟ ಕಾರಿಗೆ ಸಿಕ್ಕಿ ಮೆಕ್ಯಾನಿಕ್ ಒಬ್ಬರ ಕಾಲು ಮುರಿಯಿತು.

ಇಲ್ಲಿ ನನ್ನದೊಂದು ಅನುಭವ ಹೇಳಬೇಕು. ಉದ್ಯಮಬಾಗದ ಒಂದು ಮಷೀನ್ ಶಾಪಿನಲ್ಲಿ ನಾನು ಕೆಲಸಕ್ಕಿದ್ದಾಗ ರಾತ್ರಿ ಶಿಫ್ಟಿನ ಹುಡುಗನಿಂದ ಬೆಳಿಗ್ಗೆ ಏಳಕ್ಕೆ ಮಷೀನು ತೆಗೆದುಕೊಂಡೆ. ಟೂಲಿನ ಇನ್ಸರ್ಟ್, ಅಂದರೆ ಲೋಹ ಕತ್ತರಿಸುವ ತುದಿ, ಚೂರು ಮುರಿದಿತ್ತು. ಅವನಿಗೆ ಗೊತ್ತಿತ್ತು, ಹೇಳಲಿಲ್ಲ. ಹಿಂದಿನ ವಾರ ಇಂಥದ್ದೇ ಹೇಳಿದ್ದಕ್ಕೆ ಸೂಪರ್‌ವೈಸರ್ ಎಲ್ಲರೆದುರು ಬೈದು ಪಗಾರದಲ್ಲಿ ಹಿಡಿದಿದ್ದ. ಮಧ್ಯಾಹ್ನದ ಹೊತ್ತಿಗೆ ನಲವತ್ತಾರು ಜಾಬ್ (ಬಿಡಿಭಾಗ) ಒಳತೂತಿನ ಅಳತೆ ಕೆಟ್ಟು ರಿಜೆಕ್ಟ್ ಆದವು. ನನ್ನ ಲೆಕ್ಕದಲ್ಲಿ ಆ ನಲವತ್ತಾರನ್ನು ಕೆಡಿಸಿದ್ದು ಹಿಂದಿನ ವಾರದ ಬೈಗುಳ. ಕೆಟ್ಟ ಸುದ್ದಿ ತಂದವನಿಗೆ ಏಟು ಬಿದ್ದರೆ ಮುಂದಿನ ಸಲ ಸುದ್ದಿ ಬರುವುದಿಲ್ಲ, ಕೆಟ್ಟ ಮಾಲು ಬರುತ್ತದೆ. ರೇಸ್ ತಂಡಗಳಲ್ಲಿ ತಪ್ಪಾದ ಮೇಲೆ ವಿಡಿಯೊ ಹಾಕಿಕೊಂಡು ಕೈ ಎಲ್ಲಿ ತಪ್ಪಿತು, ನಟ್ಟಿನ ಆಕಾರ ಬದಲಿಸಬೇಕೇ, ನಿಲ್ಲುವ ಜಾಗ ಬದಲಿಸಬೇಕೇ ಅಂತ ನೋಡುವುದು ಇದೇ ಕಾರಣಕ್ಕೆ. ಎಲ್ಲ ತಂಡಗಳೂ ಸಂತರಲ್ಲ, ಕೆಲಸ ಕಳೆದುಕೊಂಡವರೂ ಇದ್ದಾರೆ.

ಮಾತು ತಲುಪದೆ ಹೋದದ್ದಕ್ಕೆ ಇನ್ನೊಂದೇ ಉದಾಹರಣೆ. 2020ರಲ್ಲಿ ಹ್ಯಾಮಿಲ್ಟನ್‌ಗೆ ಕೋವಿಡ್ ಬಂದು, ಅವರ ಬದಲಿಗೆ ಜಾರ್ಜ್ ರಸೆಲ್ ಸಾಖಿರ್ ರೇಸಿನಲ್ಲಿ ಮರ್ಸಿಡಿಸ್ ಓಡಿಸಿದರು. ಮುಂದಿದ್ದರು, ಗೆಲ್ಲುವ ಹಾಗಿದ್ದರು. ತಂಡ ಎರಡೂ ಕಾರುಗಳನ್ನು ಒಟ್ಟಿಗೆ ಒಳಗೆ ಕರೆಯಿತು. ರೇಡಿಯೊ ಸಂದೇಶ ಟೈರು ತರುವವರಲ್ಲಿ ಕೆಲವರಿಗೆ ತಲುಪಲಿಲ್ಲ. ರಸೆಲ್ ಕಾರಿಗೆ ಜೊತೆಗಾರ ಬೊಟಾಸ್ ಕಾರಿನ ಟೈರು ಬಿದ್ದವು. ಅದು ನಿಯಮಕ್ಕೆ ವಿರುದ್ಧ, ಮತ್ತೆ ಕರೆದು ಬದಲಿಸಬೇಕಾಯಿತು. ರೇಸ್ ಹೋಯಿತು. ಅಲ್ಲಿದ್ದವರೆಲ್ಲ ಅಷ್ಟು ಹೊತ್ತಿಗೆ ಆರು ವರ್ಷ ಸತತ ಗೆದ್ದ, ಏಳನೆಯದನ್ನೂ ಗೆದ್ದಾಗಿದ್ದ ತಂಡದವರು.

ಆಸ್ಪತ್ರೆಗೆ ಹೋದ ಪಾಠ

ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ವೈದ್ಯರು ದೊಡ್ಡ ಹೃದಯ ಶಸ್ತ್ರಚಿಕಿತ್ಸೆ ಮುಗಿಸಿ ದಣಿದು ಕೂತಾಗ ಟಿವಿಯಲ್ಲಿ ಈ ಟೈರು ಬದಲಿಸುವುದನ್ನು ನೋಡಿದರು. ಆಪರೇಷನ್ ಆದ ಮಗುವನ್ನು ಐಸಿಯುಗೆ ಒಪ್ಪಿಸುವ ಹೊತ್ತು ಅವರಿಗೆ ದೊಡ್ಡ ತಲೆನೋವಾಗಿತ್ತು. ಹತ್ತು ಮಂದಿ ಸುತ್ತ ನಿಂತು ಒಟ್ಟಿಗೆ ಮಾತಾಡುತ್ತ ನಳಿಕೆ, ತಂತಿ ಬದಲಿಸುವಾಗ ಏನಾದರೂ ಬಿಟ್ಟುಹೋಗುತ್ತಿತ್ತು. ಅವರು ಫೆರಾರಿ ತಂಡದವರನ್ನು ಕಂಡು, ತಮ್ಮ ಕೆಲಸದ ವಿಡಿಯೊ ತೋರಿಸಿ ಸಲಹೆ ಕೇಳಿದರು. ಯಾರು ಮುಂದಾಳು, ಯಾವ ಕೆಲಸ ಯಾವುದಾದ ಮೇಲೆ, ಯಾವಾಗ ಎಲ್ಲರೂ ಸುಮ್ಮನಿದ್ದು ಒಬ್ಬರು ಮಾತಾಡಬೇಕು ಅನ್ನುವುದನ್ನು ಹೊಸದಾಗಿ ಗೊತ್ತುಮಾಡಿದರು. ಕೆಲಸದ ತಪ್ಪುಗಳೂ ಹೇಳದೆ ಬಿಟ್ಟುಹೋಗುವ ಮಾಹಿತಿಯೂ ಕಡಿಮೆಯಾದವೆಂದು 2007ರಲ್ಲಿ ಪ್ರಕಟಿಸಿದರು. ನಮ್ಮೂರಿನ ಯಾವ ಆಸ್ಪತ್ರೆಯ ಡ್ಯೂಟಿ ಬದಲಾಗುವ ಹೊತ್ತನ್ನು ನೋಡಿದವರಿಗೂ ಇದು ಅರ್ಥವಾಗುತ್ತದೆ.

ಪಕ್ಕದ ಸೀಟಿನವನು ಓದುತ್ತಾನೆ, ಇವನು ಓಡಿಸುತ್ತಾನೆ

ರ‍್ಯಾಲಿ ಅನ್ನುವುದು ಬೇರೆ ಬಗೆಯ ರೇಸ್. ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ನಡೆಯುವುದು ಇದೇ. ಕಾರುಗಳು ಒಟ್ಟಿಗೆ ಓಡುವುದಿಲ್ಲ, ಒಂದೊಂದಾಗಿ ಬಿಡುತ್ತಾರೆ, ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಗೆದ್ದಂತೆ. ಕಾರಿನಲ್ಲಿ ಇಬ್ಬರು. ಪಕ್ಕದಲ್ಲಿ ಕೂತ ಕೋ-ಡ್ರೈವರ್ ಕೈಯಲ್ಲಿ ಒಂದು ಪುಸ್ತಕ.

ಸ್ಪರ್ಧೆಗೆ ಮೊದಲು ಇಬ್ಬರೂ ಆ ದಾರಿಯಲ್ಲಿ ನಿಧಾನವಾಗಿ ಹೋಗಿ ಪ್ರತಿ ತಿರುವನ್ನೂ ಬರೆದುಕೊಳ್ಳುತ್ತಾರೆ. ಸ್ಪರ್ಧೆಯಲ್ಲಿ ಅವನು ಓದುತ್ತ ಹೋಗುತ್ತಾನೆ: "ಎಡ ನಾಲ್ಕು, ಎಂಬತ್ತು, ಬಲ ಎರಡು, ಒಳಗೆ ಕಲ್ಲು." ಅಂಕಿ ತಿರುವಿನ ಬಿಗುವನ್ನು ಹೇಳುತ್ತದೆ. ಬಹಳ ಮಂದಿಯ ಪದ್ಧತಿಯಲ್ಲಿ ಅಂಕಿ ಸಣ್ಣದಾದಷ್ಟೂ ತಿರುವು ಬಿಗಿ. ಎಂಬತ್ತು ಅಂದರೆ ಮುಂದಿನ ತಿರುವಿಗೆ ಎಂಬತ್ತು ಮೀಟರ್. ಚೋರ್ಲಾದಲ್ಲಿ ಮಂಜು ಕವಿದಾಗ ಪಕ್ಕದಲ್ಲಿ ಕೂತವರು "ಮುಂದ ತಿರುವು ಐತಿ" ಅಂದದ್ದನ್ನೇ ನಂಬಿ ನೂರು ಕಿಲೋಮೀಟರ್ ವೇಗದಲ್ಲಿ ಸ್ಟೀರಿಂಗ್ ಎಳೆದಂತೆ. ಚಾಲಕನಿಗೆ ತಿರುವು ಕಾಣುವ ಮೊದಲೇ ಕೇಳಿಸಬೇಕು, ತೀರ ಮೊದಲೂ ಅಲ್ಲ. ಉಸಿರಿನಷ್ಟು ಹಿಂದೆಮುಂದಾದರೆ ಮರ.

ಫ್ರಾನ್ಸಿನ ಸೆಬಾಸ್ಟಿಯನ್ ಲೋಬ್ 2004ರಿಂದ 2012ರವರೆಗೆ ಸತತ ಒಂಬತ್ತು ಸಲ ವಿಶ್ವ ರ‍್ಯಾಲಿ ಚಾಂಪಿಯನ್ ಆದರು. ಒಂಬತ್ತು ಸಲವೂ ಪಕ್ಕದಲ್ಲಿ ಕೂತು ಓದಿದವರು ಒಬ್ಬರೇ, ಮೊನಾಕೊದ ಡೇನಿಯಲ್ ಎಲೆನಾ.

ಒಂದೇ ಮನೆಯ ಇಬ್ಬರು

ಈಗ ಗಂಟಿನ ಜಾಗಕ್ಕೆ. ಒಂದೇ ತಂಡದ ಇಬ್ಬರು ಚಾಲಕರು.

ವಿಜಯಪುರ, ಬಾಗಲಕೋಟೆಯವರಿಗೆ ಇದನ್ನು ಸೈಕಲ್ಲಿನಿಂದ ಹೇಳಬಹುದು. ನಮ್ಮ ಕಡೆಯ ಸೈಕ್ಲಿಸ್ಟ್‌ಗಳು ತಂಡವಾಗಿ ಓಡುವಾಗ ಒಬ್ಬ ಮುಂದೆ ಹೋಗಿ ಗಾಳಿಯನ್ನು ಸೀಳುತ್ತಾನೆ, ಹಿಂದಿನವರಿಗೆ ತುಳಿಯುವುದು ಹಗುರ. ದಣಿದ ಮೇಲೆ ಅವನು ಹಿಂದೆ ಸರಿದು ಇನ್ನೊಬ್ಬ ಮುಂದೆ ಬರುತ್ತಾನೆ. ಪಾಳಿ ತಪ್ಪಿಸಿದವನಿಗೆ ಮುಂದಿನ ಸಲ ಯಾರೂ ಗಾಳಿ ಸೀಳಿಕೊಡುವುದಿಲ್ಲ. ಕಾರ್ ರೇಸಿನಲ್ಲೂ ಒಬ್ಬನಿಗಾಗಿ ಇನ್ನೊಬ್ಬ ತಡೆಗೋಡೆಯಾಗುವುದಿದೆ. 2021ರ ಕೊನೆಯ ರೇಸಿನಲ್ಲಿ ರೆಡ್ ಬುಲ್ ತಂಡದ ಸೆರ್ಜಿಯೊ ಪೆರೆಜ್ ಹ್ಯಾಮಿಲ್ಟನ್‌ರನ್ನು ಹಲವು ಸೆಕೆಂಡು ತಡೆದು, ಹಿಂದಿದ್ದ ಜೊತೆಗಾರ ವರ್ಸ್ಟಾಪನ್ ಹತ್ತಿರ ಬರುವಂತೆ ಮಾಡಿದ್ದರು. ಪಟ್ಟ ವರ್ಸ್ಟಾಪನ್‌ಗೆ ಹೋಯಿತು.

ಹೊಂದಿಕೆ ತಪ್ಪಿದ ಕತೆಗಳು ಇದಕ್ಕಿಂತ ಹೆಚ್ಚು. 1988ರಲ್ಲಿ ಅಯರ್ಟನ್ ಸೆನ್ನಾ ಮತ್ತು ಅಲೈನ್ ಪ್ರೋಸ್ಟ್ ಇದ್ದ ಮ್ಯಾಕ್ಲಾರನ್ 16ರಲ್ಲಿ 15 ರೇಸ್ ಗೆದ್ದಿತು. ಮರುವರ್ಷ ಇಬ್ಬರೂ ಮಾತು ಬಿಟ್ಟರು, ಜಪಾನಿನ ಸುಜುಕಾದಲ್ಲಿ ಒಬ್ಬರಿಗೊಬ್ಬರು ಗುದ್ದಿಕೊಂಡರು. ಪ್ರೋಸ್ಟ್ ತಂಡ ಬಿಟ್ಟು ಫೆರಾರಿಗೆ ಹೋದರು. 2016ರಲ್ಲಿ ಮರ್ಸಿಡಿಸ್‌ನ ಹ್ಯಾಮಿಲ್ಟನ್ ಮತ್ತು ನಿಕೊ ರೋಸ್‌ಬರ್ಗ್ ಸ್ಪೇನಿನಲ್ಲಿ ಮೊದಲ ಸುತ್ತಿನಲ್ಲೇ ಗುದ್ದಿಕೊಂಡು ಇಬ್ಬರೂ ಹೊರಬಿದ್ದರು. ಮೇಲೆ ಹೇಳಿದೆನಲ್ಲ, ವರ್ಸ್ಟಾಪನ್ ಮತ್ತು ಲ್ಯಾಂಬಿಯಾಸೆ ಗೆದ್ದ ಮೊದಲ ರೇಸ್, ಅದು ಇದೇ. ಆ ವರ್ಷ ಪಟ್ಟ ಗೆದ್ದ ರೋಸ್‌ಬರ್ಗ್ ಐದೇ ದಿನಕ್ಕೆ ನಿವೃತ್ತಿ ಘೋಷಿಸಿದರು.

ಎಲ್ಲಕ್ಕಿಂತ ದುಬಾರಿಯಾದದ್ದು 2007. ಮ್ಯಾಕ್ಲಾರನ್‌ಗೆ ಎರಡು ಸಲ ಚಾಂಪಿಯನ್ ಫರ್ನಾಂಡೊ ಅಲಾನ್ಸೊ ಬಂದರು, ಜೊತೆಗೆ ಹೊಸ ಹುಡುಗ ಹ್ಯಾಮಿಲ್ಟನ್. ಹಂಗೆರಿಯಲ್ಲಿ ಸಾಲಿನ ಸ್ಥಾನ ಗೊತ್ತುಮಾಡುವ ಓಟದಲ್ಲಿ ಹ್ಯಾಮಿಲ್ಟನ್ ತಂಡ ಹೇಳಿದಂತೆ ಅಲಾನ್ಸೊಗೆ ದಾರಿ ಬಿಡಲಿಲ್ಲ. ಆಮೇಲೆ ಅಲಾನ್ಸೊ ಟೈರು ಬದಲಾದ ಮೇಲೂ ಅಲ್ಲೇ ನಿಂತರು. ಹಿಂದೆ ಕಾಯುತ್ತಿದ್ದ ಹ್ಯಾಮಿಲ್ಟನ್‌ಗೆ ಕೊನೆಯ ಸುತ್ತಿಗೆ ಹೊತ್ತು ಸಿಗಲಿಲ್ಲ. ಅಲಾನ್ಸೊಗೆ ಐದು ಸ್ಥಾನ ಹಿಂದೆ ಹೋಗುವ ದಂಡ ಬಿತ್ತು. ವರ್ಷ ಮುಗಿದಾಗ ಅಲಾನ್ಸೊ 109, ಹ್ಯಾಮಿಲ್ಟನ್ 109, ಫೆರಾರಿಯ ಕಿಮಿ ರೈಕ್ಕೊನೆನ್ 110. ಅಣ್ಣತಮ್ಮಂದಿರು ಬದುವಿಗಾಗಿ ಹೊಡೆದಾಡುವಾಗ ಬೆಳೆ ಮೂರನೆಯವನ ಕಣಕ್ಕೆ ಹೋಯಿತು. ಅಲಾನ್ಸೊ ಒಂದೇ ವರ್ಷಕ್ಕೆ ತಂಡ ಬಿಟ್ಟರು.

ತಂಡವೇ "ಇವನನ್ನು ಮುಂದೆ ಬಿಡು" ಅಂತ ಅಪ್ಪಣೆ ಕೊಡುವುದನ್ನು ಟೀಮ್ ಆರ್ಡರ್ ಅನ್ನುತ್ತಾರೆ. 2002ರಲ್ಲಿ ಆಸ್ಟ್ರಿಯಾದಲ್ಲಿ ಗೆಲ್ಲುವ ಹಂತದಲ್ಲಿದ್ದ ರೂಬೆನ್ಸ್ ಬ್ಯಾರಿಕೆಲ್ಲೊ ಕೊನೆಯ ಕ್ಷಣದಲ್ಲಿ ಶುಮಾಕರ್‌ಗೆ ದಾರಿ ಬಿಟ್ಟಾಗ ಜನ ಕೂಗಾಡಿದರು. ಮರುವರ್ಷ ಇದನ್ನು ನಿಷೇಧಿಸಿದರು. ತಂಡಗಳು ಸುತ್ತುಬಳಸಿ ಅದನ್ನೇ ಮಾಡುತ್ತಿದ್ದವು, ಕೊನೆಗೆ 2011ರಲ್ಲಿ ನಿಷೇಧ ತೆಗೆದರು.

ಮೋಂಜಾದ ಮೂರು ಅಂಕ

2025ರ ಹೊತ್ತಿಗೆ ಮ್ಯಾಕ್ಲಾರನ್‌ನಲ್ಲಿ ನಾರಿಸ್ ಮತ್ತು ಆಸ್ಕರ್ ಪಿಯಾಸ್ಟ್ರಿ. ಇಬ್ಬರೂ ಪಟ್ಟದ ಓಟದಲ್ಲಿದ್ದರು. ತಂಡ ಇಬ್ಬರಲ್ಲಿ ಯಾರನ್ನೂ ದೊಡ್ಡ ಮಗ ಮಾಡಲಿಲ್ಲ. ಓಡಿರಿ, ಒಬ್ಬರಿಗೊಬ್ಬರು ತಾಗಬೇಡಿ, ತಂಡದ ತಪ್ಪಿನಿಂದ ಒಬ್ಬನಿಗೆ ನಷ್ಟವಾದರೆ ಸರಿಪಡಿಸುತ್ತೇವೆ ಎಂಬ ಒಪ್ಪಂದ. ಹಿಂದಿನ ವರ್ಷ ಹಂಗೆರಿಯಲ್ಲಿ ಇದರ ಪರೀಕ್ಷೆಯಾಗಿತ್ತು. ನಾರಿಸ್‌ರನ್ನು ಮೊದಲು ಟೈರು ಬದಲಿಸಲು ಕರೆದದ್ದರಿಂದ ಅವರು ಹೊಸ ಟೈರಿನ ವೇಗದಲ್ಲಿ ಪಿಯಾಸ್ಟ್ರಿಗಿಂತ ಮುಂದೆ ಹೋಗಿಬಿಟ್ಟಿದ್ದರು. ತಂಡ ಜಾಗ ಹಿಂದಿರುಗಿಸು ಅಂದಿತು. ಸುತ್ತುಗಟ್ಟಲೆ ರೇಡಿಯೊದಲ್ಲಿ ಎಂಜಿನಿಯರ್ ಒಲಿಸಿದ ಮೇಲೆ ರೇಸ್ ಮುಗಿಯಲು ಮೂರು ಸುತ್ತು ಇರುವಾಗ ನಾರಿಸ್ ಬಿಟ್ಟುಕೊಟ್ಟರು. ಫಾರ್ಮುಲಾ ಒನ್ ಮುಖ್ಯ ರೇಸಿನಲ್ಲಿ ಪಿಯಾಸ್ಟ್ರಿಯ ಮೊದಲ ಗೆಲುವು ಅದು.

ಸೆಪ್ಟೆಂಬರ್ 7, 2025, ಇಟಲಿಯ ಮೋಂಜಾ. ವರ್ಸ್ಟಾಪನ್ ಮುಂದೆ, ನಾರಿಸ್ ಎರಡನೆಯವರು, ಪಿಯಾಸ್ಟ್ರಿ ಮೂರನೆಯವರು. ತಂಡ ಮೊದಲು ಪಿಯಾಸ್ಟ್ರಿಯನ್ನು ಕರೆದು ಟೈರು ಬದಲಿಸಿತು. ಮರುಸುತ್ತಿನಲ್ಲಿ ನಾರಿಸ್ ಬಂದಾಗ ಒಂದು ಚಕ್ರದ ಗನ್ ಕೈಕೊಟ್ಟು ಆರು ಸೆಕೆಂಡಿನ ಹತ್ತಿರ ನಿಲ್ಲಬೇಕಾಯಿತು. ಹೊರಬರುವಷ್ಟರಲ್ಲಿ ಪಿಯಾಸ್ಟ್ರಿ ಮುಂದಾಗಿದ್ದರು. ಜಾಗ ಬಿಟ್ಟುಕೊಡು ಎಂದು ಪಿಯಾಸ್ಟ್ರಿಗೆ ಸಂದೇಶ ಹೋಯಿತು. ಟೈರು ಬದಲಿಸುವಾಗ ತಡವಾಗುವುದು ರೇಸಿನ ಭಾಗ ಅಂತ ನಾವು ಒಪ್ಪಿಕೊಂಡಿದ್ದೆವಲ್ಲ ಅಂತ ಅವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆಗ ಪಟ್ಟದ ಓಟದಲ್ಲಿ ಮುಂದಿದ್ದವರು ಅವರೇ. ಆದರೂ ಬಿಟ್ಟುಕೊಟ್ಟರು. ನಾರಿಸ್‌ಗೆ 18 ಅಂಕ, ಪಿಯಾಸ್ಟ್ರಿಗೆ 15.

ಬಿಟ್ಟುಕೊಡದೆ ಇದ್ದಿದ್ದರೆ ನಾರಿಸ್‌ಗೆ ಅಲ್ಲಿ ಮೂರು ಅಂಕ ಕಡಿಮೆ. ಉಳಿದದ್ದೆಲ್ಲ ಹಾಗೇ ನಡೆದಿದ್ದರೆ ಡಿಸೆಂಬರಿನಲ್ಲಿ ನಾರಿಸ್ 420, ವರ್ಸ್ಟಾಪನ್ 421. ಮ್ಯಾಕ್ಲಾರನ್‌ಗೆ ಮತ್ತೆ 2007 ಆಗುತ್ತಿತ್ತು. ಒಂದು ವರ್ಷದಲ್ಲಿ ನೂರು ತಿರುವುಗಳಿರುತ್ತವೆ. ಲಾಸ್ ವೇಗಸ್‌ನಲ್ಲಿ ಕಾರಿನ ತಳದ ಹಲಗೆ ಮಿತಿಗಿಂತ ಹೆಚ್ಚು ಸವೆದು ಇಬ್ಬರೂ ಅನರ್ಹರಾದದ್ದೂ ಇದೇ ವರ್ಷ. ಹಾಗಾಗಿ ಮೋಂಜಾ ಒಂದರಿಂದಲೇ ಪಟ್ಟ ಬಂತು ಅನ್ನಲಾಗದು. ಆದರೆ ಲೆಕ್ಕದ ಕಾಗದ ಹೀಗೇ ಇದೆ.

ಇಷ್ಟನ್ನೂ ಕಾಕಾಗೆ ಹೇಳುವಷ್ಟರಲ್ಲಿ ಟಿವಿಯಲ್ಲಿ ಪಟಾಕಿ ಹಾರುತ್ತಿತ್ತು. ನಾರಿಸ್ ಅಳುತ್ತಿದ್ದರು. ಕಾಕಾ ಆ ಕಡೆ ನೋಡಲೇ ಇಲ್ಲ.

"ಅದು ಬಿಡು. ಜಾಗಾ ಬಿಟ್ಟುಕೊಟ್ಟಾಂವ ಇದ್ದನಲ್ಲ, ಅಂವಾ ಮುಂದ ಅದ ಮಾಲಕನ ಹಂತೇಕ ಉಳದಾನೋ, ಬಿಟ್ಟು ಹೊಂಟಾನೋ?"

ಅಣ್ಣನ ಮಗ ಮೊಬೈಲಿನಿಂದ ತಲೆ ಎತ್ತದೆ ಹೇಳಿದ: "ಉಳದಾನ ಅಜ್ಜಾ. 2026ಕ್ಕೂ ಇಬ್ರೂ ಅಲ್ಲೇ."